ಖಾತೆ ಪುಸ್ತಕದಿಂದ ಡೇಟಾಬೇಸ್‌ಗೆ: ಇಳಕಲ್ ಸೀರೆಯ ಲೆಕ್ಕ ಹಿಡಿದು ಮೊದಲ ಪಾಠ

ನಮ್ಮ ಕಾಕಾ ಇಳಕಲ್ಲಿನಲ್ಲಿ ನೇಕಾರರಿಗೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ವ್ಯಾಪಾರಸ್ಥರು. ಅಂಗಡಿಯ ಗಾದಿಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಖಾತೆ ಪುಸ್ತಕಗಳು ಸಾಲಾಗಿ ಕೂತಿರುತ್ತವೆ. ಒಂದು ಬಟವಾಡೆಯ ದಿನ ಸೀರೆ ತಂದಿದ್ದ ಅಕ್ಕ ಒಬ್ಬರು ಕೇಳಿದರು: "ಕಾಕಾರ, ದೀಪಾವಳಿಯಿಂದ ಇಲ್ಲೀತನಕ ನಾ ಎಷ್ಟು ಸೀರಿ ಕೊಟ್ಟೇನ್ರಿ? ಮುಂಗಡದಾಗ ಎಷ್ಟು ಹರೀತು, ಎಷ್ಟು ಉಳೀತು?"

ಕಾಕಾ ಪುಸ್ತಕ ತೆಗೆದರು. ದಿನಾಂಕದ ಪ್ರಕಾರ ಬರೆದ ಕಿರ್ದಿ ಅದು. ಒಂದೊಂದೇ ಹಾಳೆ ತಿರುವಿ, ಆ ಅಕ್ಕನ ಹೆಸರು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಬೆರಳಿಟ್ಟು, ಪಕ್ಕದ ಚೀಟಿಯ ಮೇಲೆ ಕೂಡಿಸುತ್ತ ಹೋದರು. ಅರ್ಧ ತಾಸು ಕಳೆಯಿತು. ನಡುವೆ ಇನ್ನಿಬ್ಬರು ಬಂದು ನಿಂತರು. ಕೊನೆಗೆ, "ನಾಳೆ ಬಾರವಾ, ತೆಗೆದಿಟ್ಟಿರತೀನಿ" ಅಂದರು. ಕಾಕಾ ಒಂದು ಸೀರೆಯನ್ನೂ ಬರೆಯದೆ ಬಿಟ್ಟವರಲ್ಲ. ಬರೆದದ್ದೆಲ್ಲ ಅಲ್ಲೇ ಇತ್ತು. ಕೇಳಿದ್ದಕ್ಕೆ ಉತ್ತರ ಮಾತ್ರ ಕೈಗೆ ಬರಲಿಲ್ಲ.

ಡೇಟಾಬೇಸ್ ಎಂದರೇನು ಎಂದು ನನ್ನ ಕಂಪ್ಯೂಟರ್ ಕ್ಲಾಸಿಗೆ ಬರುವ ಹುಡುಗ ಹುಡುಗಿಯರು ಕೇಳಿದಾಗ ನಾನು ಈ ಅರ್ಧ ತಾಸನ್ನೇ ಹೇಳುತ್ತೇನೆ. ಬರೆದಿಡುವುದಕ್ಕೆ ಪುಸ್ತಕ ಸಾಕು. ಮುಂದೆ ಯಾರು ಯಾವ ಪ್ರಶ್ನೆ ಕೇಳಿದರೂ ಉತ್ತರ ಬರುವ ಹಾಗೆ ಬರೆದಿಡಬೇಕೆಂದರೆ ಡೇಟಾಬೇಸ್ ಬೇಕು. ಅದರ ಮೂಲ ನಿಯಮ ಒಂದೇ: ಒಂದು ಸಂಗತಿಯನ್ನು ಒಂದೇ ಕಡೆ, ಅದರದೇ ಜಾಗದಲ್ಲಿ ಬರೆಯಬೇಕು, ಬೇರೆ ಕಡೆ ಬೇಕಾದಾಗ ಅದರ ಸಂಖ್ಯೆ ಹಿಡಿದು ತಲುಪಬೇಕು. ಮುಂದೆ ಬರುವುದೆಲ್ಲ ಈ ನಿಯಮವನ್ನು ಕೈಗೆ ಹತ್ತಿಸಿಕೊಳ್ಳುವ ಕೆಲಸ. ಉದಾಹರಣೆಗಳಲ್ಲಿರುವ ಹೆಸರು, ಮಜೂರಿ, ಮೊತ್ತ ಎಲ್ಲ ಪಾಠಕ್ಕಾಗಿ ಹಾಕಿಕೊಂಡವು.

ಮೊದಲ ಹೆಜ್ಜೆ: ಕಂಪ್ಯೂಟರ್ ಬಂದ್ ಮಾಡಿ, ಹಾಳೆ ತೆಗೆದುಕೊಳ್ಳಿ

ಹೊಸಬರು ಮಾಡುವ ದೊಡ್ಡ ತಪ್ಪು ನೇರವಾಗಿ ಸಾಫ್ಟ್‌ವೇರ್ ತೆರೆದು ಕೂರುವುದು. ಮೊದಲು ಒಂದು ಖಾಲಿ ಹಾಳೆಯ ಮೇಲೆ, ನಿಮ್ಮ ಕೆಲಸದಲ್ಲಿ ಜನ ನಿಮ್ಮನ್ನು ಏನೇನು ಕೇಳುತ್ತಾರೆ ಎಂಬುದನ್ನು ಅವರ ಮಾತಿನಲ್ಲೇ ಬರೆಯಿರಿ. ಕಾಕಾನ ಅಂಗಡಿಯಲ್ಲಿ ನಾನು ಎರಡು ದಿನ ಸುಮ್ಮನೆ ಕೂತು ಬರೆದುಕೊಂಡ ಪ್ರಶ್ನೆಗಳು ಹೀಗಿದ್ದವು: ಯಾರ ಮನೆಯಲ್ಲಿ ಎಷ್ಟು ಹಾಸು ಇವೆ? ಈ ತಿಂಗಳು ಗೋಮಿ ದಡಿಯ ಸೀರೆ ಎಷ್ಟು ಬಂದವು? ಗಾಡಿ ದಡಿ ನೇಯುವವರು ಯಾರು ಯಾರು? ಯಾರ ಮುಂಗಡ ಎಷ್ಟು ಉಳಿದಿದೆ? (ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ದಡಿ ಎಂದರೆ ಸೀರೆಯ ಅಂಚು; ಗೋಮಿ, ಗಾಡಿ, ಪರಾಸ ಅದರ ಬಗೆಗಳು.)

ಈ ಹಾಳೆಯೇ ನಿಮ್ಮ ಡೇಟಾಬೇಸಿನ ಅಡಿಪಾಯ. ಯಾರೂ ಕೇಳದ ಸಂಗತಿಗೆ ಕಾಲಮ್ ಬೇಡ. ಆಧಾರ್ ಸಂಖ್ಯೆ, ಹುಟ್ಟಿದ ದಿನಾಂಕ, ಜಾತಿ ಇವನ್ನೆಲ್ಲ "ಇರಲಿ" ಎಂದು ತುಂಬಿಸಿಕೊಳ್ಳುವ ಚಟ ಬಹಳ ಜನಕ್ಕಿದೆ. ಬೇಡದ ಮಾಹಿತಿ ಕೂಡಿಟ್ಟರೆ ಅದನ್ನು ಕಾಯುವ ಹೊಣೆಯೂ ನಿಮ್ಮ ಮೇಲೇ ಬೀಳುತ್ತದೆ.

ಎರಡನೆಯ ಹೆಜ್ಜೆ: ಒಂದು ದೊಡ್ಡ ಪಟ್ಟಿಯನ್ನು ಒಡೆಯಿರಿ

ಕಾಕಾನಿಗೆ ಸಹಾಯ ಮಾಡಲು ಹೋದ ನಾನು ಮೊದಲು ಮಾಡಿದ್ದು ಎಕ್ಸೆಲ್‌ನಲ್ಲಿ ಒಂದೇ ಒಂದು ಅಗಲದ ಪಟ್ಟಿ. ದಿನಾಂಕ, ನೇಕಾರರ ಹೆಸರು, ಫೋನ್, ಓಣಿ, ಮಗ್ಗದ ಬಗೆ, ದಡಿ, ಸೀರೆ ಎಷ್ಟು, ಮಜೂರಿ ಎಷ್ಟು, ಎಲ್ಲವೂ ಒಂದೇ ಸಾಲಿನಲ್ಲಿ. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬರು ಫೋನ್ ನಂಬರ್ ಬದಲಿಸಿದರು. ಅವರು ಸೀರೆ ತಂದಷ್ಟು ಸಲವೂ ನಾನು ಅವರ ನಂಬರ್ ಬರೆದಿದ್ದೆ. ಕೆಲವು ಸಾಲುಗಳಲ್ಲಿ ತಿದ್ದಿದೆ, ಕೆಲವು ಕಣ್ತಪ್ಪಿದವು. ಹಾಸು ತಯಾರಾಗಿದೆ ಎಂದು ಹೇಳಲು ಕಾಕಾ ಕರೆ ಮಾಡಿದಾಗ ಹೋಗಿದ್ದು ಹಳೆಯ ನಂಬರಿಗೆ. ಆ ಮಗ್ಗ ಮೂರು ದಿನ ಖಾಲಿ ನಿಂತಿತು. ನನ್ನ ಪಟ್ಟಿಯ ತಪ್ಪಿಗೆ ಅವರ ಮೂರು ದಿನದ ಕೂಲಿ ಹೋಯಿತು. ಅದು ನನಗೆ ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದೇ ಪಟ್ಟಿಯಲ್ಲಿ ಇನ್ನೆರಡು ತೊಂದರೆ ಇದ್ದವು. ಇನ್ನೂ ಒಂದು ಸೀರೆಯನ್ನೂ ಕೊಡದ ಹೊಸ ನೇಕಾರರ ಫೋನ್ ನಂಬರ್ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ, ಏಕೆಂದರೆ ಪ್ರತಿ ಸಾಲೂ ಒಂದು ಸೀರೆಯ ಸಾಲು. ತಪ್ಪಾಗಿ ಬರೆದ ಸಾಲನ್ನು ಅಳಿಸಿದರೆ, ಒಂದೇ ಸಲ ಬಂದು ಹೋದವರ ವಿಳಾಸವೂ ಅದರ ಜೊತೆಗೇ ಅಳಿಸಿ ಹೋಗುತ್ತಿತ್ತು.

ದಾರಿ ಇದು. ಪ್ರಶ್ನೆಗಳ ಹಾಳೆಯನ್ನು ಮತ್ತೆ ಓದಿ, ಅದರಲ್ಲಿ ಬರುವ ಸಂಗತಿಗಳನ್ನು ಬೇರೆ ಬೇರೆ ಮಾಡಿ. ನಮ್ಮಲ್ಲಿ ಬಂದವು ನಾಲ್ಕು: ನೇಕಾರ, ಹಾಸು, ಸೀರೆ ಜಮೆ (ನೇಯ್ದ ಸೀರೆ ತಂದು ಕೊಡುವುದು), ಹಣ. ಒಂದೊಂದಕ್ಕೂ ಒಂದೊಂದು ಪಟ್ಟಿ. ಇದಕ್ಕೆ ಟೇಬಲ್ ಎನ್ನುತ್ತಾರೆ. ಟೇಬಲಿನ ಒಂದು ಸಾಲು ಒಬ್ಬ ನೇಕಾರರ ಬಗ್ಗೆ, ಇಲ್ಲವೇ ಒಂದು ಸಲದ ಜಮೆಯ ಬಗ್ಗೆ. ಕಾಲಮ್ ಎಂದರೆ ಆ ಸಾಲಿನಲ್ಲಿ ತುಂಬಬೇಕಾದ ಒಂದೊಂದು ಮನೆ. ಸರಿಯಾಗಿ ಒಡೆದಿದ್ದೇವೆಯೇ ಎಂದು ನೋಡಲು ಒಂದು ಉಪಾಯವಿದೆ: "ಈ ಟೇಬಲಿನ ಒಂದು ಸಾಲು ಎಂದರೆ ಒಂದು ಏನು?" ಎಂದು ಕೇಳಿಕೊಳ್ಳಿ. ಉತ್ತರದಲ್ಲಿ "ಮತ್ತು" ಎಂಬ ಮಾತು ಬಂದರೆ ಇನ್ನೂ ಒಡೆಯುವುದು ಬಾಕಿ ಇದೆ ಎಂದರ್ಥ.

ಮೂರನೆಯ ಹೆಜ್ಜೆ: ಪ್ರತಿ ಸಾಲಿಗೂ ಬದಲಾಗದ ಸಂಖ್ಯೆ

ಇಳಕಲ್ಲಿನ ಓಣಿಯಲ್ಲಿ ನಿಂತು "ಮಹಾಂತೇಶಾ" ಎಂದು ಕೂಗಿದರೆ ನಾಲ್ಕು ಕಡೆಯಿಂದ ಓ ಎನ್ನುತ್ತಾರೆ. ವಿಜಯ ಮಹಾಂತೇಶ ಮಠ ಇರುವ ಊರು; ಮನೆ ಮನೆಗೂ ಆ ಹೆಸರಿದೆ. ಕಾಕಾನ ಪುಸ್ತಕದಲ್ಲೂ ಇಬ್ಬರು ಮಹಾಂತೇಶರು. ಕಾಕಾ ಒಬ್ಬರಿಗೆ "ಮೇಲಿನ ಓಣಿ", ಇನ್ನೊಬ್ಬರಿಗೆ "ಎತ್ತರದವ" ಎಂದು ಗುರುತು ಹಾಕಿಕೊಂಡಿದ್ದರು. ಮನುಷ್ಯನ ನೆನಪಿಗೆ ಅದು ಸಾಕು, ಕಂಪ್ಯೂಟರಿಗೆ ಸಾಲದು.

ಆದ್ದರಿಂದ ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡುತ್ತೇವೆ. ಇದು ಪ್ರೈಮರಿ ಕೀ. ಎರಡು ಸಾಲಿಗೆ ಒಂದೇ ಸಂಖ್ಯೆ ಇರಕೂಡದು, ಖಾಲಿಯೂ ಇರಕೂಡದು, ಒಮ್ಮೆ ಕೊಟ್ಟ ಮೇಲೆ ಬದಲಾಗಲೂ ಕೂಡದು. ನೇಕಾರರೊಬ್ಬರು ಕೆಲಸ ಬಿಟ್ಟು ಹೋದರೂ ಅವರ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡಬೇಡಿ.

ಹೆಸರನ್ನೇ ಗುರುತಾಗಿ ಇಟ್ಟುಕೊಂಡರೆ ಆಗುವ ಪೇಚು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಊರಿನ ಹೆಸರನ್ನೇ ಗುರುತು ಮಾಡಿಕೊಂಡ ಪಟ್ಟಿಗಳಲ್ಲಿ ಒಂದೇ ಊರು ಎರಡು ಊರಾಗಿ ಕಾಣುತ್ತದೆ. ಆದರೆ ವಿಜಯಪುರದ ಗಾಡಿಗಳ ಮೇಲೆ ಆಗಲೂ ಕೆಎ 28, ಈಗಲೂ ಕೆಎ 28. ಬೆಳಗಾವಿಯದು 22, ಬಾಗಲಕೋಟೆಯದು 29. ಊರಿನ ಹೆಸರು ಬದಲಾದರೂ ಸಂಖ್ಯೆ ಕದಲಲಿಲ್ಲ. ಪ್ರೈಮರಿ ಕೀ ಮಾಡುವ ಕೆಲಸ ಇದೇ.

ಫೋನ್ ನಂಬರನ್ನೇ ಕೀ ಮಾಡಬಹುದಲ್ಲ ಎಂದು ಕ್ಲಾಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೂರು ದಿನ ಖಾಲಿ ನಿಂತ ಮಗ್ಗದ ಕಥೆಯನ್ನೇ ಅವರಿಗೆ ಮತ್ತೆ ಹೇಳುತ್ತೇನೆ. ಅರ್ಥವಿಲ್ಲದ 1, 2, 3 ಎಂಬ ಸಂಖ್ಯೆಯೇ ಒಳ್ಳೆಯದು. ಅರ್ಥ ಇಲ್ಲದ್ದರಿಂದಲೇ ಅದನ್ನು ಬದಲಿಸುವ ಕಾರಣವೂ ಹುಟ್ಟುವುದಿಲ್ಲ.

ನಾಲ್ಕನೆಯ ಹೆಜ್ಜೆ: ಟೇಬಲುಗಳ ನಡುವೆ ಕೊಂಡಿ

ಇಳಕಲ್ ಸೀರೆ ನೇಯುವುದನ್ನು ಹತ್ತಿರದಿಂದ ನೋಡಿದವರಿಗೆ ಈ ಭಾಗ ತಟ್ಟನೆ ತಿಳಿಯುತ್ತದೆ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಟೋಪ ತೆನಿ ಎಂಬ ವಿನ್ಯಾಸದ ಸೆರಗು ಬರಬೇಕಾದರೆ ಮೈಯ ಎಳೆಗಳನ್ನು ಸೆರಗಿನ ಎಳೆಗಳ ಜೊತೆ ಕುಣಿಕೆಗೆ ಕುಣಿಕೆ ಸೇರಿಸಿ ಜೋಡಿಸುತ್ತಾರೆ. ಅದಕ್ಕಾಗಿಯೇ ಹಾಸನ್ನು ಒಂದು ಸೀರೆಯ ಉದ್ದಕ್ಕೆ ಮಾತ್ರ, 6 ಗಜಕ್ಕೋ 8 ಗಜಕ್ಕೋ 9 ಗಜಕ್ಕೋ ಹೂಡುತ್ತಾರೆ. ಎರಡೂ ಬೇರೆ ಬೇರೆ ಬಣ್ಣ, ಬೇರೆ ಬೇರೆ ನೂಲು ಇರಬಹುದು. ಎಳೆಗೆ ಎಳೆ ಕೂಡಿದ ಮೇಲೆ ಒಂದೇ ಸೀರೆ.

ಟೇಬಲುಗಳೂ ಹೀಗೆಯೇ. ನೇಕಾರರ ಟೇಬಲಿನಲ್ಲಿ ಗಂಗವ್ವನ ಸಂಖ್ಯೆ 3 ಎಂದಿಟ್ಟುಕೊಳ್ಳಿ. ಜಮೆಯ ಟೇಬಲಿನಲ್ಲಿ ಗಂಗವ್ವನ ಹೆಸರಾಗಲಿ, ಫೋನಾಗಲಿ, ಓಣಿಯಾಗಲಿ ಬರೆಯುವುದಿಲ್ಲ. ಬರೀ 3 ಎಂದು ಬರೆಯುತ್ತೇವೆ. ಆ 3 ಎಂಬುದೇ ಕೊಂಡಿ. ಬೇರೆ ಟೇಬಲಿನ ಪ್ರೈಮರಿ ಕೀಯನ್ನು ನಮ್ಮ ಟೇಬಲಿನಲ್ಲಿ ಹೀಗೆ ತಂದಿಟ್ಟುಕೊಂಡರೆ ಅದಕ್ಕೆ ಫಾರಿನ್ ಕೀ ಎಂದು ಹೆಸರು. ಫೋನ್ ಬದಲಾದರೆ ನೇಕಾರರ ಟೇಬಲಿನಲ್ಲಿ ಒಂದೇ ಒಂದು ಕಡೆ ತಿದ್ದಿದರೆ ಮುಗಿಯಿತು.

ಎರಡು ಟೇಬಲುಗಳನ್ನು ಕಾಗದದ ಮೇಲೆ ಬರೆದು ನೋಡೋಣ.

ನೇಕಾರ (ಸಂಖ್ಯೆ | ಹೆಸರು | ಮಗ್ಗ)
1 | ಮಹಾಂತೇಶ | ಕೈಮಗ್ಗ
2 | ಮಹಾಂತೇಶ | ಪವರ್‌ಲೂಮ್
3 | ಗಂಗವ್ವ | ಕೈಮಗ್ಗ

ಜಮೆ (ಸಂಖ್ಯೆ | ದಿನಾಂಕ | ನೇಕಾರ_ಸಂಖ್ಯೆ | ದಡಿ | ಸೀರೆ | ದರ)
101 | 2024-11-04 | 3 | ಗೋಮಿ | 2 | 600
102 | 2024-11-06 | 1 | ಚಿಕ್ಕಿ ಪರಾಸ | 1 | 700
103 | 2024-11-09 | 3 | ಗೋಮಿ | 1 | 600
104 | 2024-11-11 | 2 | ಗಾಡಿ | 4 | 250
105 | 2024-11-16 | 3 | ಗಾಡಿ | 2 | 550

ಒಬ್ಬ ನೇಕಾರರಿಗೆ ಅನೇಕ ಜಮೆ. ಒಂದು ಜಮೆಗೆ ಒಬ್ಬರೇ ನೇಕಾರರು. ಇಂಥ ಕಡೆ ಕೊಂಡಿಯನ್ನು ಯಾವಾಗಲೂ "ಅನೇಕ" ಇರುವ ಟೇಬಲಿನಲ್ಲಿ ಹಾಕಬೇಕು. ಎರಡೂ ಕಡೆ "ಅನೇಕ" ಬಂದರೆ ಏನು ಮಾಡುವುದು? ಒಬ್ಬ ನೇಕಾರರಿಗೆ ಹಲವು ದಡಿ ನೇಯಲು ಬರುತ್ತದೆ, ಒಂದು ದಡಿಯನ್ನು ಹಲವರು ನೇಯಬಲ್ಲರು. ಆಗ ನಡುವೆ ಮೂರನೆಯ ಸಣ್ಣ ಟೇಬಲ್ ಬೇಕು. ಅದರಲ್ಲಿ ಎರಡೇ ಕಾಲಮ್: ನೇಕಾರರ ಸಂಖ್ಯೆ, ದಡಿಯ ಸಂಖ್ಯೆ. ಒಂದು ಮನೆಯಲ್ಲೇ "ಗೋಮಿ, ಗಾಡಿ, ಪರಾಸ" ಎಂದು ಅಲ್ಪವಿರಾಮ ಹಾಕಿ ತುಂಬಿದರೆ, ಗಾಡಿ ನೇಯುವವರನ್ನು ಹುಡುಕುವುದೂ ಎಣಿಸುವುದೂ ಫಜೀತಿಯಾಗುತ್ತದೆ.

ಜಮೆಯ ಟೇಬಲಿನಲ್ಲಿ ದರ ಎಂಬ ಕಾಲಮ್ ನೋಡಿ, "ಗೋಮಿಗೆ 600 ಎಂದು ಎರಡು ಸಲ ಬರೆದಿದ್ದೀರಲ್ಲ, ಒಂದೇ ಕಡೆ ಬರೆಯಬೇಕು ಎಂದವರು ನೀವೇ ಅಲ್ಲವೇ?" ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಬರುವ ಯುಗಾದಿಗೆ ಗೋಮಿಯ ದರ 650 ಆಗಬಹುದು. ಆಗ ದರ ಒಂದೇ ಕಡೆ ಇದ್ದು ಅದನ್ನು ತಿದ್ದಿದರೆ, ನವೆಂಬರಿನ ಹಳೆಯ ಲೆಕ್ಕವೂ ಬದಲಾಗಿ ಹೋಗುತ್ತದೆ. "ಗೋಮಿಯ ಇವತ್ತಿನ ದರ" ಒಂದು ಸಂಗತಿ, "ನವೆಂಬರ್ 4ರಂದು ಗಂಗವ್ವನಿಗೆ ಒಪ್ಪಿದ ದರ" ಇನ್ನೊಂದು ಸಂಗತಿ. ಅಂಕಿ ಒಂದೇ ಇದ್ದ ಮಾತ್ರಕ್ಕೆ ಸಂಗತಿ ಒಂದೇ ಆಗುವುದಿಲ್ಲ.

ಐದನೆಯ ಹೆಜ್ಜೆ: ಯಾವ ಮನೆಯಲ್ಲಿ ಏನು ತುಂಬಬೇಕು

ಪ್ರತಿ ಕಾಲಮಿಗೂ ಒಂದು ಬಗೆ ಗೊತ್ತು ಮಾಡಬೇಕು: ಸಂಖ್ಯೆ, ಪಠ್ಯ, ದಿನಾಂಕ. ಫೋನ್ ನಂಬರನ್ನು ಪಠ್ಯವಾಗಿ ಇಡಿ. ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಸಂಖ್ಯೆಯಾಗಿ ಇಟ್ಟರೆ ಮುಂದಿನ ಸೊನ್ನೆ ಹಾರಿ ಹೋಗುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. 2024-11-04 ಎಂದು ಬರೆದರೆ ಸಾಲುಗಳು ತಾವಾಗಿಯೇ ಕಾಲದ ಕ್ರಮದಲ್ಲಿ ನಿಲ್ಲುತ್ತವೆ. 4-11-24 ಎಂದು ಬರೆದರೆ ನಿಲ್ಲುವುದಿಲ್ಲ.

ಖಾಲಿಗೂ ಸೊನ್ನೆಗೂ ವ್ಯತ್ಯಾಸವಿದೆ. ಮುಂಗಡ 0 ಎಂದರೆ ಮುಂಗಡ ತೆಗೆದುಕೊಂಡಿಲ್ಲ ಎಂದು ನಮಗೆ ಗೊತ್ತಿದೆ. ಖಾಲಿ ಬಿಟ್ಟರೆ ಅದು ನಮಗಿನ್ನೂ ಗೊತ್ತಿಲ್ಲ. ಈ ಖಾಲಿಗೆ ಡೇಟಾಬೇಸಿನವರು ನಲ್ ಎನ್ನುತ್ತಾರೆ. ಗೊತ್ತಿಲ್ಲದ ಕಡೆ ಸೊನ್ನೆ ಬರೆದರೆ ಸರಾಸರಿ ಲೆಕ್ಕ ಎಲ್ಲ ತಪ್ಪುತ್ತದೆ.

ಕನ್ನಡದಲ್ಲಿ ತುಂಬುವವರಿಗೆ ವಿಶೇಷವಾಗಿ ಎರಡು ಮಾತು. ಮೊದಲನೆಯದು, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಗೊತ್ತು ಮಾಡಿರುವ ಯೂನಿಕೋಡ್‌ನಲ್ಲಿಯೇ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಹೊಡೆದದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ ಇರುತ್ತವೆ. ಫಾಂಟ್ ಬದಲಾದ ಕ್ಷಣ ಎಲ್ಲ ಕಲಸು. ಎರಡನೆಯದು ಕಣ್ಣಿಗೆ ಕಾಣದ ಶತ್ರು. "ಪವರ್‌ಲೂಮ್" ಎಂದು ಬರೆಯುವಾಗ ರ್ ಮತ್ತು ಲೂ ನಡುವೆ ಒತ್ತಕ್ಷರ ಆಗದಂತೆ ತಡೆಯುವ ಒಂದು ಕಾಣದ ಗುರುತು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ನಡುವೆ ಖಾಲಿ ಜಾಗ ಬಿಟ್ಟು ಬರೆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಶಬ್ದ. "ಗೋಮಿ", "ಗೊಮಿ" ಎಂಬ ಹ್ರಸ್ವ ದೀರ್ಘದ ಗೊಂದಲವೂ ಅಷ್ಟೇ. ಅದಕ್ಕೇ ದಡಿಗಳಿಗೆ, ಮಗ್ಗದ ಬಗೆಗೆ ಒಂದೊಂದು ಸಣ್ಣ ಟೇಬಲ್ ಮಾಡಿ, ಹೆಸರನ್ನು ಅಲ್ಲಿ ಒಂದೇ ಸಲ ಟೈಪ್ ಮಾಡಿ, ಉಳಿದ ಕಡೆ ಸಂಖ್ಯೆಯನ್ನಷ್ಟೇ ಬಳಸುವುದು ಜಾಣತನ. ಮೇಲಿನ ಉದಾಹರಣೆಯಲ್ಲಿ ಓದಲು ಸುಲಭವಾಗಲಿ ಎಂದು ಹೆಸರನ್ನೇ ಬರೆದಿದ್ದೇನೆ; ನೀವು ಹಾಗೆ ಮಾಡಬೇಡಿ.

ಆರನೆಯ ಹೆಜ್ಜೆ: ಈಗ ಕಂಪ್ಯೂಟರ್

ಟೇಬಲ್, ಸಾಲು, ಕೊಂಡಿ ಎಂಬ ಈ ವಿಚಾರವನ್ನು ಗಣಿತದ ತಳಹದಿಯ ಮೇಲೆ ನಿಲ್ಲಿಸಿದವರು ಎಡ್ಗರ್ ಕಾಡ್. ಐಬಿಎಂ ಎಂಬ ಕಂಪ್ಯೂಟರ್ ಕಂಪನಿಯಲ್ಲಿದ್ದಾಗ 1970ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು ರಿಲೇಷನಲ್ ಮಾದರಿಯನ್ನು ಮಂಡಿಸಿದರು. ಅದರ ಮೇಲೆ ಪ್ರಶ್ನೆ ಕೇಳುವ ಭಾಷೆಯೇ ಎಸ್‌ಕ್ಯೂಎಲ್. ಅದೇ ಐಬಿಎಂನಲ್ಲಿ 1970ರ ದಶಕದಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದನ್ನು ರೂಪಿಸಿದರು. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಆರೇಕಲ್ ಎಂದು ನೀವು ಕೇಳುವ ಡೇಟಾಬೇಸ್ ಸಾಫ್ಟ್‌ವೇರ್‌ಗಳೆಲ್ಲ ಈ ಭಾಷೆಯಲ್ಲೇ ಮಾತಾಡುತ್ತವೆ.

ಕಲಿಯುವವರಿಗೆ ನನ್ನ ಸಲಹೆ ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಇದು ಪೂರ್ತಿ ಉಚಿತ, ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿ ಇರುತ್ತದೆ. ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇದೇ ಕೆಲಸ ಮಾಡುತ್ತಿದೆ. ಇದನ್ನು ಮೌಸ್ ಹಿಡಿದು ಬಳಸಲು "ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್" ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ.

ತೆರೆದ ಮೇಲೆ "ನ್ಯೂ ಡೇಟಾಬೇಸ್" ಒತ್ತಿ ಫೈಲಿಗೆ ಹೆಸರು ಕೊಡಿ. ಟೇಬಲ್ ಮಾಡುವ ಕಿಟಕಿ ತಾನೇ ತೆರೆಯುತ್ತದೆ. ಟೇಬಲಿಗೆ "ನೇಕಾರ" ಎಂದು ಕನ್ನಡದಲ್ಲೇ ಹೆಸರಿಡಬಹುದು, ಎಸ್‌ಕ್ಯೂಲೈಟ್ ಒಪ್ಪುತ್ತದೆ. ಕಾಲಮುಗಳನ್ನು ಒಂದೊಂದಾಗಿ ಸೇರಿಸಿ; ಸಂಖ್ಯೆಗೆ "ಇಂಟಿಜರ್", ಪಠ್ಯಕ್ಕೂ ದಿನಾಂಕಕ್ಕೂ "ಟೆಕ್ಸ್ಟ್" ಆಯ್ಕೆ ಮಾಡಿ. ಸಂಖ್ಯೆಯ ಕಾಲಮಿನ ಮುಂದೆ ಪ್ರೈಮರಿ ಕೀ ಎಂಬ ಗುರುತು ಹಾಕಿ. ಹೀಗೆಯೇ "ಜಮೆ". ಎಚ್ಚರಿಕೆ ಏನೆಂದರೆ, ಎಸ್‌ಕ್ಯೂಲೈಟ್ ಬಗೆಯ ವಿಷಯದಲ್ಲಿ ಸಡಿಲ; ಸಂಖ್ಯೆಯ ಮನೆಯಲ್ಲಿ "ಎರಡು" ಎಂದು ಅಕ್ಷರದಲ್ಲಿ ಬರೆದರೂ ಸುಮ್ಮನೆ ತೆಗೆದುಕೊಳ್ಳುತ್ತದೆ. ತುಂಬುವವರೇ ಕಣ್ಣಿಟ್ಟಿರಬೇಕು. ಕೊನೆಯಲ್ಲಿ "ರೈಟ್ ಚೇಂಜಸ್" ಒತ್ತಲು ಮರೆಯಬೇಡಿ. ಅದನ್ನು ಒತ್ತುವ ತನಕ ಏನೂ ಗಟ್ಟಿಯಾಗಿರುವುದಿಲ್ಲ.

ಅಂದ ಹಾಗೆ, ಒಂದೇ ಪಟ್ಟಿ, ಬರೆಯುವವರು ಒಬ್ಬರೇ, ಸಾಲುಗಳೂ ಹೆಚ್ಚಿಲ್ಲ ಎಂದಾದರೆ ಎಕ್ಸೆಲ್ ಸಾಕು. ಮದುವೆಯ ಆಹೇರಿ (ಉಡುಗೊರೆ) ಪಟ್ಟಿಗೆ ಡೇಟಾಬೇಸ್ ಬೇಡ. ಒಂದು ಪಟ್ಟಿ ಇನ್ನೊಂದನ್ನು ನೆಚ್ಚಿಕೊಳ್ಳತೊಡಗಿದಾಗ ಬೇಕು.

ಏಳನೆಯ ಹೆಜ್ಜೆ: ಪ್ರಶ್ನೆ ಕೇಳುವುದು

ಪ್ರಶ್ನೆಗೆ ಇಲ್ಲಿ ಕ್ವೆರಿ ಎನ್ನುತ್ತಾರೆ. ಅದರ ಆಜ್ಞೆಯ ಶಬ್ದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಉಚ್ಚಾರ ತಿಳಿಯಲೆಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಕೈಮಗ್ಗದವರು ಯಾರು ಯಾರು?

ಸೆಲೆಕ್ಟ್ ಸಂಖ್ಯೆ, ಹೆಸರು
ಫ್ರಮ್ ನೇಕಾರ
ವೇರ್ ಮಗ್ಗ = 'ಕೈಮಗ್ಗ';

ಸೆಲೆಕ್ಟ್ ಎಂದರೆ ಏನು ಬೇಕು, ಫ್ರಮ್ ಎಂದರೆ ಎಲ್ಲಿಂದ, ವೇರ್ ಎಂದರೆ ಯಾವ ಷರತ್ತಿಗೆ. ಉತ್ತರದಲ್ಲಿ 1 ಮತ್ತು 3 ಬರುತ್ತಾರೆ. ಎಲ್ಲಿ ಹುಡುಕಬೇಕು, ಯಾವ ಹಾಳೆ ಮೊದಲು ತಿರುವಬೇಕು ಎಂಬುದನ್ನು ನಾವು ಹೇಳಲಿಲ್ಲ, ಗಮನಿಸಿ. ಬೇಕಾದದ್ದನ್ನಷ್ಟೇ ಹೇಳಿದೆವು, ಹುಡುಕುವ ದಾರಿ ಅದರದು.

ಇನ್ನು ಅಕ್ಕ ಕೇಳಿದ ಪ್ರಶ್ನೆ. ಯಾರು ಎಷ್ಟು ಸೀರೆ ಕೊಟ್ಟರು, ಎಷ್ಟು ಮಜೂರಿ ಆಯಿತು?

ಸೆಲೆಕ್ಟ್ ನೇಕಾರ.ಸಂಖ್ಯೆ, ನೇಕಾರ.ಹೆಸರು, ಸಮ್(ಜಮೆ.ಸೀರೆ), ಸಮ್(ಜಮೆ.ಸೀರೆ * ಜಮೆ.ದರ)
ಫ್ರಮ್ ನೇಕಾರ
ಜಾಯಿನ್ ಜಮೆ ಆನ್ ಜಮೆ.ನೇಕಾರ_ಸಂಖ್ಯೆ = ನೇಕಾರ.ಸಂಖ್ಯೆ
ಗ್ರೂಪ್ ಬೈ ನೇಕಾರ.ಸಂಖ್ಯೆ, ನೇಕಾರ.ಹೆಸರು;

ಜಾಯಿನ್ ಎಂಬುದೇ ಮೈಗೆ ಸೆರಗು ಜೋಡಿಸುವ ಕುಣಿಕೆ. ಗ್ರೂಪ್ ಬೈ ಎಂದರೆ ಒಬ್ಬೊಬ್ಬರ ಸಾಲುಗಳನ್ನು ಒಂದೊಂದು ಗುಂಪು ಮಾಡು, ಸಮ್ ಎಂದರೆ ಆ ಗುಂಪನ್ನು ಕೂಡಿಸು ಎಂದು. ಗಂಗವ್ವನ ಸಾಲನ್ನು ಕೈಯಲ್ಲೇ ತಾಳೆ ನೋಡಿ: 2 ಗೋಮಿಗೆ 1200, 1 ಗೋಮಿಗೆ 600, 2 ಗಾಡಿಗೆ 1100. ಒಟ್ಟು 5 ಸೀರೆ, 2900 ರೂಪಾಯಿ. ಇಬ್ಬರು ಮಹಾಂತೇಶರೂ ಬೇರೆ ಬೇರೆಯಾಗಿಯೇ ಬರುತ್ತಾರೆ. ಹೆಸರಿನ ಮೇಲಷ್ಟೇ ಗುಂಪು ಮಾಡಿದ್ದರೆ ಒಬ್ಬರ ಮಜೂರಿ ಇನ್ನೊಬ್ಬರ ಲೆಕ್ಕಕ್ಕೆ ಸೇರುತ್ತಿತ್ತು.

ಈಗ ಎಲ್ಲರೂ ಒಮ್ಮೆಯಾದರೂ ಬೀಳುವ ಗುಂಡಿ ತೋರಿಸುತ್ತೇನೆ. ಹಣದ ಟೇಬಲಿನಲ್ಲಿ ಗಂಗವ್ವನಿಗೆ ಕೊಟ್ಟದ್ದು ಎರಡು ಸಾಲು ಎಂದುಕೊಳ್ಳಿ: 2024-10-28ರಂದು 3000, 2024-11-12ರಂದು 1000. ಕೊಟ್ಟದ್ದು 4000, ದುಡಿದದ್ದು 2900, ಇನ್ನು ಹರಿಯಬೇಕಾದದ್ದು 1100. ಇದನ್ನು ಒಂದೇ ಕ್ವೆರಿಯಲ್ಲಿ ತೆಗೆಯೋಣ ಎಂದು ನೇಕಾರ, ಜಮೆ, ಹಣ ಮೂರನ್ನೂ ಜಾಯಿನ್ ಮಾಡಿ ಸಮ್ ಹಾಕಿದರೆ ಮಜೂರಿ 5800, ಹಣ 12000 ಎಂದು ಬರುತ್ತದೆ! ಏಕೆ? ಗಂಗವ್ವನ ಜಮೆ 3 ಸಾಲು, ಹಣ 2 ಸಾಲು. ಪ್ರತಿ ಜಮೆಯೂ ಪ್ರತಿ ಹಣದ ಸಾಲಿನ ಜೊತೆ ಕೂಡಿ 6 ಸಾಲಾದವು. ಮಜೂರಿ ಎರಡು ಪಟ್ಟು, ಹಣ ಮೂರು ಪಟ್ಟು. ಕಂಪ್ಯೂಟರ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಗಂಭೀರವಾಗಿ ತಪ್ಪು ಉತ್ತರ ಕೊಡುತ್ತದೆ. ಆದ್ದರಿಂದ ಜಮೆಯ ಮೊತ್ತ ಬೇರೆಯಾಗಿ ತೆಗೆಯಿರಿ, ಹಣದ ಮೊತ್ತ ಬೇರೆಯಾಗಿ ತೆಗೆಯಿರಿ, ಆಮೇಲೆ ಒಂದರಿಂದ ಒಂದನ್ನು ಕಳೆಯಿರಿ. ಯಾವ ಹೊಸ ಕ್ವೆರಿ ಬರೆದರೂ ಒಬ್ಬರ ಲೆಕ್ಕವನ್ನು ಕೈಯಲ್ಲಿ ಮಾಡಿ ತಾಳೆ ನೋಡದೆ ಯಾರಿಗೂ ಹೇಳಬೇಡಿ. ಇನ್ನೊಬ್ಬರ ದುಡಿಮೆಯ ಲೆಕ್ಕ ಅದು.

ಇನ್ನೊಂದು ಮಾತು: ಬಾಕಿ 1100 ಎಂಬುದಕ್ಕೆ ಕಾಲಮ್ ಮಾಡಬೇಡಿ. ಇರುವ ಸಾಲುಗಳಿಂದ ಲೆಕ್ಕ ಹಾಕಿ ತೆಗೆಯಬಹುದಾದದ್ದನ್ನು ಬರೆದಿಟ್ಟರೆ, ಬರೆದದ್ದೂ ಲೆಕ್ಕವೂ ಒಂದಲ್ಲ ಒಂದು ದಿನ ಹೊಂದದೆ ಹೋಗುತ್ತವೆ.

ಅಳಿಸುವ ಮುನ್ನ, ಕರೆಂಟ್ ಹೋಗುವ ಮುನ್ನ

"ಡಿಲೀಟ್ ಫ್ರಮ್ ಜಮೆ" ಎಂದು ಬರೆದು, ವೇರ್ ಹಾಕುವುದನ್ನು ಮರೆತರೆ ಇಡೀ ಜಮೆ ಟೇಬಲ್ ಖಾಲಿಯಾಗುತ್ತದೆ. ಅಳಿಸುವ ಮೊದಲು ಅದೇ ಷರತ್ತಿಗೆ ಸೆಲೆಕ್ಟ್ ಹಾಕಿ, ಬರುವ ಸಾಲುಗಳನ್ನು ಕಣ್ಣಾರೆ ನೋಡಿ, ಆಮೇಲೆ ಡಿಲೀಟ್ ಮಾಡಿ.

ಒಬ್ಬ ನೇಕಾರರಿಗೆ ಕೊಟ್ಟಿದ್ದ ಹಾಸನ್ನು, ಅವರ ಮನೆಯಲ್ಲಿ ಮದುವೆ ಬಂದಿತೆಂದು, ಇನ್ನೊಬ್ಬರಿಗೆ ವರ್ಗ ಮಾಡಬೇಕಾಗುತ್ತದೆ. ಮೊದಲನೆಯವರ ಲೆಕ್ಕದಿಂದ ತೆಗೆಯುವುದು, ಎರಡನೆಯವರ ಲೆಕ್ಕಕ್ಕೆ ಹಾಕುವುದು, ಹೀಗೆ ಎರಡು ಬರಹ. ಮೊದಲನೆಯದು ಆಗಿ ಎರಡನೆಯದು ಆಗುವ ಮುಂಚೆ ಕರೆಂಟ್ ಹೋದರೆ? ಹಾಸು ಯಾರ ಲೆಕ್ಕದಲ್ಲೂ ಇಲ್ಲ. ಇದನ್ನು ತಡೆಯಲು ಎರಡನ್ನೂ ಸೇರಿಸಿ ಒಂದು ಗಂಟು ಕಟ್ಟುತ್ತಾರೆ, ಅದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಆಗುವುದಾದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು. ಕಮಿಟ್ ಎಂದರೆ ಗಟ್ಟಿ ಮಾಡು, ರೋಲ್‌ಬ್ಯಾಕ್ ಎಂದರೆ ಮೊದಲಿನಂತೆ ಮಾಡು. ಡಿಬಿ ಬ್ರೌಸರಿನ "ರೈಟ್ ಚೇಂಜಸ್", "ರಿವರ್ಟ್ ಚೇಂಜಸ್" ಎಂಬ ಬಟನ್‌ಗಳ ಹಿಂದೆ ಇರುವುದು ಇವೇ. ಬ್ಯಾಂಕಿನಲ್ಲಿ ನಿಮ್ಮ ಖಾತೆಯಿಂದ ಹೋದ ಹಣ ಇನ್ನೊಂದು ಖಾತೆ ಮುಟ್ಟುವುದೂ ಇದೇ ತತ್ವದ ಮೇಲೆ.

ಇಂಡೆಕ್ಸ್ ಎಂಬ ಇನ್ನೊಂದು ಶಬ್ದ ಕೇಳುತ್ತೀರಿ. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಹುಡುಕಾಟ ಬೇಗ ಆಗಲು ಅದು. ಕೆಲವು ಸಾವಿರ ಸಾಲುಗಳ ತನಕ ಅದರ ಗೊಡವೆ ಬೇಡ.

ನಕಲು ಇನ್ನೊಂದು ಮನೆಯಲ್ಲಿ

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಬಂದಾಗ ನಮ್ಮ ಈ ಜಿಲ್ಲೆಗಳ ನದಿದಂಡೆಯ ಊರುಗಳಲ್ಲಿ ಮನೆಗಳೇ ನೀರಲ್ಲಿ ನಿಂತವು. ಪುಸ್ತಕವನ್ನೂ ಅದರ ನಕಲನ್ನೂ ಒಂದೇ ಟ್ರಂಕಿನಲ್ಲಿ ಇಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. ಎಸ್‌ಕ್ಯೂಲೈಟ್‌ನಲ್ಲಿ ನಕಲು ಮಾಡುವುದು ಸುಲಭ: ಸಾಫ್ಟ್‌ವೇರ್ ಮುಚ್ಚಿ, ಆ ಒಂದು ಫೈಲನ್ನು ಕಾಪಿ ಮಾಡಿ, ಹೆಸರಿನಲ್ಲಿ ದಿನಾಂಕ ಸೇರಿಸಿ. ಕಾಕಾನ ಲೆಕ್ಕದ ಒಂದು ಪೆನ್‌ಡ್ರೈವ್ ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಅತ್ತೆಯ ಮನೆಯಲ್ಲಿದೆ. ತಿಂಗಳಿಗೊಮ್ಮೆ ಬದಲಾಗುತ್ತದೆ. ನಕಲು ಮಾಡಿದರೆ ಸಾಲದು, ಆಗಾಗ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಸಾಲುಗಳು ಸರಿಯಾಗಿವೆಯೇ ಎಂದು ನೋಡಬೇಕು. ಈ ಫೈಲಿಗೆ ತಾನಾಗಿ ಪಾಸ್‌ವರ್ಡ್ ಇರುವುದಿಲ್ಲ, ಕೈಗೆ ಸಿಕ್ಕವರು ಯಾರು ಬೇಕಾದರೂ ತೆರೆಯಬಹುದು. ಯಾರ ಮುಂಗಡ ಎಷ್ಟು ಎಂಬುದು ಓಣಿಯ ಮಾತಾಗಬಾರದು. ಪೆನ್‌ಡ್ರೈವನ್ನು ಬೀಗದೊಳಗೆ ಇಡಿ.

ಕಾಕಾ ಈಗಲೂ ಕೆಂಪು ಪುಸ್ತಕದಲ್ಲಿ ಬರೆಯುತ್ತಾರೆ. ನಾನು ಬೇಡ ಎನ್ನಲಿಲ್ಲ. ಸಂಜೆ ಅದನ್ನೇ ನೋಡಿ ಕಂಪ್ಯೂಟರಿನಲ್ಲಿ ತುಂಬುತ್ತೇನೆ. ಮೊನ್ನೆ ಅದೇ ಅಕ್ಕ ಮತ್ತೆ ಬಂದರು. ಒಟ್ಟು ಎಷ್ಟು ಎಂದು ಹೇಳಿ ಮುಗಿಸುವಷ್ಟರಲ್ಲಿ, "ತಮ್ಮಾ, ಅದರಾಗ ಗೋಮಿ ಎಷ್ಟು, ಗಾಡಿ ಎಷ್ಟು, ಬ್ಯಾರೆ ಬ್ಯಾರೆ ಹೇಳತೀಯೇನು?" ಅಂದರು. ಇದು ನನ್ನ ಮೊದಲ ಹಾಳೆಯಲ್ಲಿ ಇಲ್ಲದ ಪ್ರಶ್ನೆ. ಹೊಸ ಟೇಬಲ್ ಬೇಕಾಗಲಿಲ್ಲ. ವೇರ್‌ನಲ್ಲಿ ಅವರ ಸಂಖ್ಯೆ ಹಾಕಿ, ಸೆಲೆಕ್ಟ್‌ನಲ್ಲೂ ಗ್ರೂಪ್ ಬೈನಲ್ಲೂ ನೇಕಾರರ ಜಾಗಕ್ಕೆ ದಡಿ ಎಂದು ಬದಲಿಸಿದೆ, ಎರಡು ಸಾಲು ಬಂದವು, ಓದಿ ಹೇಳಿದೆ. ಅಕ್ಕ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಮಡಚಿದ ಚೀಟಿ ತೆಗೆದರು. ಮಗ್ಗದ ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಗೀರಿಕೊಂಡ ಗೆರೆಗಳನ್ನು ಮಗಳ ಕೈಯಲ್ಲಿ ಎಣಿಸಿ ಬರೆಸಿಕೊಂಡು ಬಂದಿದ್ದರು. ಗೋಮಿಯ ಮುಂದೆ ಬೆರಳಿಟ್ಟರು, ಗಾಡಿಯ ಮುಂದೆ ಬೆರಳಿಟ್ಟರು. "ಹೂಂ, ಬರೋಬ್ಬರಿ ಐತಿ" ಎಂದು ಚೀಟಿ ಮಡಚಿ ಮತ್ತೆ ಗಂಟು ಹಾಕಿಕೊಂಡರು.